ಅಕ್ಷತೆಗೆ ಜಗ್ಗದ ಲೆನ್ಸ್

ಮದುವೆ ಫೋಟೋ ತೆಗೆಯುವವನಿಗೆ ತಾಳಿ ಕಟ್ಟುವ ಗಳಿಗೆಯೇ ಮುಖ್ಯ. ನಮ್ಮ ಕೊಟ್ಟೂರಿನ ಕಡೆ ಸರಿಯಾಗಿ ಆ ಗಳಿಗೆಯಲ್ಲೇ ಬೀಗರೆಲ್ಲ ಎದ್ದು ಅಡ್ಡ ಗೋಡೆಯಾಗುತ್ತಾರೆ. ನಾನು ಬೈಯುತ್ತೇನೆ. ಬೈಯದೆ ಪೂಜೆ ಮಾಡಲೇ? ಹರಪನಹಳ್ಳಿಯ ಮದುವೆಯೊಂದರಲ್ಲಿ ನಾನು ಸ್ಟೇಜ್ ಹತ್ತಿ ಬೈದ ಭರಕ್ಕೆ ವರನ ಸೋದರಮಾವನ ಪೇಟ ನೆಲಕ್ಕೆ ಬಿದ್ದ ಮೇಲೆ ನನ್ನನ್ನು ಕರೆಯುವವರೇ ಇಲ್ಲವಾದರು.

ಕೊನೆಗೆ ಇಟ್ಟಿಗಿಯ ಶಿವಯೋಗಪ್ಪ ಮಗಳು ಅಮೃತಾಳ ಮದುವೆಗೆ ಕರೆದರು.

"ಪಾಲಾಕ್ಷಪ್ಪ, ಫೋಟೋ ನೀನ ತೆಗಿ. ಆದ್ರ ಸ್ಟೇಜ್ ಹತ್ತಂಗಿಲ್ಲ, ಬೀಗರಿಗೆ ಬೈಯಂಗಿಲ್ಲ. ಬೈದ್ರ ಅಲ್ಲಿಂದ ಅಲ್ಲೇ ಮನಿಗೆ ಕಳಸ್ತೀನಿ."

ಮನೆಯಲ್ಲಿ ಹೆಂಡತಿ ಸಂಗೀತಾ ಅಂದಳು: "ದೂರದಿಂದ ತೆಗಿಯೋ ಲೆನ್ಸ್ ತಗೋರಿ. ನಿಮ್ಮ ಬಾಯಿ ಬೀಗರ ಕಿವಿಗೆ ಮುಟ್ಟಬಾರ್ದು, ಅಷ್ಟು ದೂರ."

ದಾವಣಗೆರೆಯ ಅಂಗಡಿಯವನು ಹೊಸದೊಂದನ್ನು ತೋರಿಸಿದ. ಹೂವಿನಷ್ಟು ಹಗುರ. ಜೂಮ್ ತಿರುವಿದರೆ ಆಮೆ ಕತ್ತು ಚಾಚಿದಂತೆ ಮೂತಿ ಹೊರಗೆ ಬಂತು. ಪಕ್ಕದಲ್ಲಿ ಅದೇ ಬೆಲೆಗೆ ಒಂದು ಹಳೆಯದು: ಮೈಯೆಲ್ಲ ಗೀರು, ಒನಕೆಯ ತುಂಡಿನಷ್ಟು ಭಾರ. ಎಷ್ಟು ತಿರುವಿದರೂ ಉದ್ದವಾಗಲಿಲ್ಲ. ಗಾಜಿನಲ್ಲಿ ಬೂಷ್ಟೂ ಇರಲಿಲ್ಲ.

ನನ್ನ ಬ್ಯಾಗಿನ ತಳದಲ್ಲಿ ಹತ್ತಾರು ಮದುವೆಗಳ ಅಕ್ಷತೆ ಸದಾ ಇರುತ್ತದೆ. ಹಿಂದಿನ ಲೆನ್ಸ್ ಸತ್ತದ್ದೇ ಅದರ ನುಚ್ಚು ಹೊಕ್ಕು. ಎರಡನ್ನೂ ಒಂದೊಂದಾಗಿ ಬ್ಯಾಗಿಗೆ ಹಾಕಿ ಗಡಗಡ ಅಲ್ಲಾಡಿಸಿದೆ.

"ಯಜಮಾನ್ರೇ, ಅದೇನು ಮಂಡಕ್ಕಿ ಅಂದ್ಕಂಡ್ರಾ?"

"ನಮ್ಮ ಮಂದಿ ಇದಕ್ಕಿಂತ ಜೋರು ಎಸೀತಾರ. ಸುಮ್ನಿರ್ರಿ."

ಹೊರತೆಗೆದು ತಿರುವಿದರೆ ಹೊಸದು ಕರಕರ ಅಂದಿತು. ಹಳೆಯದು ಬೆಣ್ಣೆಯಂತೆ ತಿರುಗಿತು. ಅದನ್ನೇ ತಂದೆ.

ಮದುವೆಯ ದಿನ ಕಲ್ಯಾಣ ಮಂಟಪದ ಆ ತುದಿಗೆ, ಸ್ಟೇಜಿಗೆ ಎದುರಾಗಿ, ಊಟದ ಮನೆಯ ಬಾಗಿಲ ಬಳಿ ಕುರ್ಚಿ ಹತ್ತಿ ನಿಂತೆ. ಅಮೃತಾಳ ಮೂಗುಬೊಟ್ಟು ಸಹ ಕಾಣುತ್ತಿತ್ತು. ವರ ತಾಳಿ ಎತ್ತಿದ. ತಕ್ಷಣ ಇಡೀ ಮಂಟಪ ಎದ್ದು ನಿಂತಿತು. ಲೆನ್ಸಿನ ತುಂಬ ಬೆನ್ನು, ಜಡೆ, ಬೋಳುತಲೆ.

"ಬಗ್ಗ್ರಲೇ, ತಾಳಿ ಕಾಣವಲ್ದು," ಅಂತ ಒದರಿಬಿಟ್ಟೆ.

ಬ್ಯಾಂಡಿನವರು ಸಹ ಬಾರಿಸುವುದನ್ನು ನಿಲ್ಲಿಸಿದರು. ಎಲ್ಲರೂ ಒಟ್ಟಿಗೆ ತಿರುಗಿದರು, ನಡುವೆ ಸಂದಿ ಬಿತ್ತು. ಎಸೆಯಲು ಎತ್ತಿದ್ದ ಕೈಗಳು ತಡೆಯಲಿಲ್ಲ. ಅಕ್ಷತೆ ನನ್ನ ಮೇಲೆಯೇ ಸುರಿಯಿತು, ಲೆನ್ಸಿಗೆ ಪಟಪಟ ಬಡಿಯಿತು. ಜೂಮ್ ತಿರುಗಿತು. ಒತ್ತಿದೆ.

ಶಿವಯೋಗಪ್ಪ ನೇರ ಬಂದರು. "ನಮ್ದು ಏನು ಮಾತಾಗಿತ್ತಲೇ?"

ನಾನು ಕ್ಯಾಮೆರಾ ಮುಂದೆ ಹಿಡಿದೆ. ನಡುವೆ ತಾಳಿ ಕಟ್ಟುವ ಕೈ, ನಗು ತಡೆಯಲಾರದ ಅಮೃತಾ. ಸುತ್ತ ನಮ್ಮತ್ತ ತಿರುಗಿದ ನೂರಾರು ಮುಖ. ಅವರು ಒಂದು ಮುಖದ ಮೇಲೆ ಬೆರಳಿಟ್ಟರು.

"ಇವ ನಮ್ಮ ಹಡಗಲಿ ಅಳಿಯ ಅಲ್ಲೇನು? ಯಾವ ಮದುವಿ ಫೋಟೋದಾಗೂ ಇವನ ಬೆನ್ನಾ ಬರ್ತಿತ್ತು."

ಕೋಲು ಊರಿಕೊಂಡು ಸ್ವಲ್ಪ ದೂರ ಹೋದವರು ತಿರುಗಿ ಬಂದರು.

"ಮನಿಗೆ ಹೋಗಬ್ಯಾಡ. ಗಂಡಿನ ಕಡೇರು ಒಂದೀಟು ಮಸುಕು ಬಂದಾರ. ಆರತಕ್ಷತಿಯಾಗ ಇನ್ನೊಂದು ಸಲ ಒದರು."