ಅಕ್ಕನ ಲಾಗಿನ್

ನಮ್ಮ ಸಂಸ್ಥೆಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, 'ಬೀಳ್ಕೊಡುತ್ತೇವೆ'. ಹಾಗೆಯೇ ಅನ್ನಬೇಕೆಂದು ನಿರ್ದೇಶಕರ ಅಪ್ಪಣೆ. ಬೀಳ್ಕೊಡುವ ಪಾಪವನ್ನು ಮಾತ್ರ ಎಚ್.ಆರ್. ಎಂಬ ಹೆಸರಿನಲ್ಲಿ ನನ್ನ ತಲೆಗೆ ಕಟ್ಟಿದ್ದಾರೆ. "ಊರಿಗೆಲ್ಲ ಉಪಕಾರ ಮಾಡೋ ಆಫೀಸಲ್ಲಿ ಶಾಪ ಹಾಕಿಸ್ಕೊಳ್ಳೋ ಕೆಲಸ ನಿಂಗೇ ಸಿಗಬೇಕಿತ್ತೇನೇ?" ಅಂತ ಅಮ್ಮ ನಗುತ್ತಾಳೆ.

ನಮ್ಮದು ಹೆಂಗಸರ ಸಹಾಯವಾಣಿ. ಮನೆಯಲ್ಲಿ ಹೊಡೆತ ತಿನ್ನುವವರು ಕದ್ದುಮುಚ್ಚಿ ಕರೆ ಮಾಡುತ್ತಾರೆ. ಅವರ ನಂಬರ್ ನಮ್ಮಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ನಾವು ತಿರುಗಿ ಫೋನ್ ಮಾಡಿ, ಗಂಡ ಎತ್ತಿಕೊಂಡರೆ ಗತಿಯೇನು? ಆ ನಿಯಮ ಮಾಡಿಸಿದವಳು, ಆಫೀಸಿನವರೆಲ್ಲ ಅಕ್ಕ ಅಂತ ಕರೆಯುವವಳು. ಇಲ್ಲಿ ಎಲ್ಲರಿಗಿಂತ ಹಳಬಳು. ನಾನು ಕರೆ ಎತ್ತುವ ಕೆಲಸಕ್ಕೆ ಸೇರಿದಾಗ ಎರಡನೇ ಹೆಡ್‌ಫೋನ್ ನನ್ನ ಕಿವಿಗೆ ಸಿಕ್ಕಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳೂ ಅವಳೇ.

ಈ ವರ್ಷ ಅನುದಾನ ಕೈಕೊಟ್ಟಿತು. ಅಕ್ಕನನ್ನು ಬೀಳ್ಕೊಡಿ ಅಂದರು ನಿರ್ದೇಶಕರು.

"ಅವಳಿಲ್ದೆ ಸಹಾಯವಾಣಿ ನಡೆಯುತ್ತಾ ಸರ್?"

"ಯಾರಿಲ್ದಿದ್ರೂ ನಡೆಯುತ್ತೆ."

ಆ 'ಯಾರು' ಎಂಬುದರಲ್ಲಿ ತಾವೂ ಸೇರಿದ್ದೇವೆ ಅನ್ನುವುದು ಅವರಿಗೆ ಹೊಳೆದಂತಿರಲಿಲ್ಲ.

ನಮ್ಮ ಪದ್ಧತಿಯಲ್ಲಿ ಮೊದಲು ಲಾಗಿನ್ ಮುಚ್ಚಬೇಕು, ಆಮೇಲೆ ಕರೆದು ಹೇಳಬೇಕು. ಸಿಟ್ಟಿನಲ್ಲಿ ಯಾರೂ ಏನೂ ಅಳಿಸಿ ಹೋಗಬಾರದಲ್ಲ. ಲೆಕ್ಕ ಬರೆಯುವವರದು, ಉಗ್ರಾಣದವರದು, ಎಷ್ಟೋ ಜನರದು ಹಾಗೇ ಮುಚ್ಚಿದ್ದೆ. ಊಟಕ್ಕೆ ಏಳುವ ಮುಂಚೆ ಅಕ್ಕನದನ್ನೂ ಮುಚ್ಚಿಬಿಟ್ಟೆ. ಕರೆ ಎತ್ತುವವರ ಲಾಗಿನ್ ಮುಚ್ಚಿದರೆ ಅವರ ಲೈನೂ ಕಡಿದುಹೋಗುತ್ತದೆ. ಅವಳು ಕರೆಯಲ್ಲಿದ್ದಾಳೇನೋ ಅಂತ ತಲೆಯೆತ್ತಿ ನೋಡುವಷ್ಟು ಬುದ್ಧಿ ಈ ಮಣ್ಣು ತುಂಬಿದ ತಲೆಗೆ ಬರಲಿಲ್ಲ.

ಗಾಜಿನ ಗೋಡೆಯಾಚೆ ಅಕ್ಕ ಚೀರಿದಳು. "ಲೈನ್ ಹೋಯ್ತು! ಯಾರಾದ್ರೂ ನೋಡ್ರೇ!"

ಓಡಿದೆ. ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದಳು.

"ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಮಾತಾಡ್ತಿದ್ಲು ಕಣೇ. ಮಗು ಬೇರೆ ಜೊತೆಗಿದೆ. ಗಂಡ ಬಾಗಿಲು ಒದೀತಿದ್ದಾನೆ. ವಿಳಾಸ ಹೇಳೋಕೆ ಈಗ ತಾನೇ ಒಪ್ಪಿದ್ಲು, ಅಷ್ಟರಲ್ಲಿ..."

"ಅಕ್ಕಾ, ಮುಚ್ಚಿದ್ದು ನಾನೇ. ನಿನ್ನ ಲಾಗಿನ್ನು. ಇವತ್ತು ನಿನ್ನನ್ನ..."

ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ. ಲಾಗಿನ್ ಯಾವಾಗ ಮುಚ್ಚುತ್ತಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನನ್ನ ವಿಷ್ಯ ಹಾಳಾಗ್ಲಿ. ಮೊದ್ಲು ಲೈನ್ ತೆಗಿ, ಅವಳು ತಿರುಗಿ ಮಾಡ್ಬಹುದು."

ಮುಚ್ಚಲು ನನ್ನದೊಂದು ಬೆರಳು ಸಾಕು. ತೆರೆಯಲು ನಿರ್ದೇಶಕರ ಒಪ್ಪಿಗೆ ಬೇಕು. ಅವರು ಸಭೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ನನ್ನ ಹಳೇ ಲಾಗಿನ್ನಿಗೆ ಈಗಲೂ ಕರೆ ಬರುತ್ತದೆ. ಅದನ್ನೇ ಹಾಕಿ ಅಕ್ಕನನ್ನು ಕೂರಿಸಿದೆ. ಇದು ಗೊತ್ತಾದರೆ ನನ್ನನ್ನೂ ಬೀಳ್ಕೊಡುತ್ತಾರೆ. ಬೀಳ್ಕೊಡಲಿ, ಬೇಕಾದರೆ ಹಾರ ಹಾಕಿ ಕಳಿಸಲಿ.

ಎರಡನೇ ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಕರೆಗಳು ಬಂದವು. ಪ್ರತಿ ಸಲ ಅಕ್ಕ "ಹೇಳಮ್ಮ" ಅಂದು ಮುಂದಕ್ಕೆ ಬಾಗಿದಳು, ಪ್ರತಿ ಸಲವೂ ಬೇರೆ ಯಾರೋ. ಅವರ ಮಾತನ್ನೂ ಅವಳು ಅರ್ಧಕ್ಕೆ ತುಂಡರಿಸಲಿಲ್ಲ. ದೇವರೇ, ಬೈಯುವುದಕ್ಕಾದರೂ ಆ ಬಚ್ಚಲಿನವಳು ಒಂದು ಸಲ ಫೋನ್ ಮಾಡಲಿ ಅಂತ ನಾನು ಬೇಡಿಕೊಂಡೆ.

ಸಂಜೆ ನಿರ್ದೇಶಕರು ಬಾಗಿಲಲ್ಲಿ ನಿಂತರು. "ಹೇಳಿದ್ರಾ? ಮತ್ತೆ ಇವರು ಇನ್ನೂ ಇಲ್ಲೇ ಇದಾರಲ್ಲ?"

ಅಕ್ಕ ತಿರುಗಲಿಲ್ಲ. "ಒಂದು ಮಾತು ಅರ್ಧಕ್ಕೆ ನಿಂತಿದೆ ಸರ್. ಮುಗಿಸಿ ಹೋಗ್ತೀನಿ."

ಆಗಲೇ ಫೋನ್ ಬಂತು.

"ನೀವೂ ಇಟ್ಬಿಟ್ರಲ್ಲ ಅಕ್ಕಾ." ದನಿ ತೊದಲುತ್ತಿತ್ತು, ತುಟಿ ಬಾತಿರಬೇಕು. "ನನಗಿನ್ನು ಯಾರೂ ಇಲ್ಲ ಅಂದ್ಕೊಂಡೆ. ಬಾಗಿಲು ನಾನೇ ತೆಗೆದೆ."

ಅಕ್ಕ ಮುಂದಕ್ಕೆ ಬಾಗಿದಳು.

"ಮಗು ಹೇಗಿದೆಯಮ್ಮ?"

"ಮಲಗಿದೆ. ಅದಕ್ಕೇನೂ ಆಗ್ಲಿಲ್ಲ."

"ಈಗಲಾದ್ರೂ ವಿಳಾಸ ಹೇಳು ತಾಯಿ, ಜನ ಕಳಿಸ್ತೀನಿ."

"ಈಗ ಬೇಡ, ಅವರು ಮನೇಲೇ ಇದಾರೆ. ನಾಳೆ ಕೆಲಸಕ್ಕೆ ಹೋದ ಮೇಲೆ ಮಾಡ್ತೀನಿ. ಬೇರೆಯವರ ಹತ್ರ ನನಗೆ ಬಾಯಿ ಬರಲ್ಲ. ನಾಳೆ ನೀವೇ ಇರ್ತೀರಿ ತಾನೇ ಅಕ್ಕಾ?"

ಅಕ್ಕ ಮೈಕನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಡೆ ತಿರುಗಿದಳು.

"ನಾಳೆ ನೀವೇ ಇರ್ತೀರಾ ಅಂತ ಕೇಳ್ತಿದ್ದಾಳೆ. ಏನು ಹೇಳ್ಲೇ ಇವಳಿಗೆ?"

ನಾನು ನಿರ್ದೇಶಕರನ್ನು ನೋಡಿದೆ. ಅವರು ನೆಲ ನೋಡಿದರು.