ಹನ್ನೊಂದನೇ ಪಟ್ಟೆ

ತನ್ನ ಕಂಬಳಿಯಲ್ಲಿ ತಪ್ಪು ಹುಡುಕುವ ಗಂಡಸು ಮಾಡದಕೆರೆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ತಿಮ್ಮರಾಯಪ್ಪ ಹೇಳಿಕೊಂಡು ತಿರುಗುತ್ತಿದ್ದ. ಹೆಂಗಸೊಬ್ಬಳು ಹುಟ್ಟಿದ್ದಳು, ಅದೂ ಅವನ ಮನೆಯಲ್ಲೇ. ಮಗನ ಮಗಳು ಅಂಜಲಿ, ಹೊಸದುರ್ಗದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವ ಹುಡುಗಿ. ಅಂಕಿಅಂಶಗಳನ್ನು ವಿವರಿಸಿ ತೋರಿಸುವ, ಚಿತ್ರದುರ್ಗದಲ್ಲಿ ನಡೆಯುವ ಜಿಲ್ಲಾ ಮಟ್ಟದ ಸ್ಪರ್ಧೆಗೆ ಕಾಲೇಜಿನಿಂದ ಅವಳೊಬ್ಬಳೇ ಆಯ್ಕೆಯಾಗಿದ್ದಳು.

ಹದಿನೈದು ವರ್ಷಗಳಲ್ಲಿ ದೇಶಕ್ಕೆ ಹೊರಗಿನಿಂದ ಬಂದ ಕೈಗಾರಿಕಾ ಆಲ್ಕೋಹಾಲ್ ಎಷ್ಟು ಅನ್ನುವುದು ಅವಳ ವಿಷಯ. ಅದನ್ನು ಕೇಳಿ ಅಜ್ಜಿ ಏಕನಾಥಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಊರಾಗಿನ ಸಾರಾಯಿ ಅಂಗಡಿ ಮುಚ್ಚಿಸಾಕೆ ನಾವು ಪೊರಕೆ ಹಿಡ್ದಿದ್ವಿ. ಈಗ ಹಡಗಲ್ಲಿ ತರಿಸ್ತಾರಾ?"

"ಅಜ್ಜೀ, ಅದು ಕುಡಿಯೋದಲ್ಲ. ಬಣ್ಣಕ್ಕೆ, ಔಷಧಿಗೆ, ಕೈಗೆ ಹಚ್ಕಳೋ ಸ್ಯಾನಿಟೈಜರ್‌ಗೆ."

"ಹಂಗಾದ್ರೆ ಬರ್ಲಿ ಬಿಡು" ಎಂದು ಅಜ್ಜಿ ಹಡಗಿಗೆ ಅಪ್ಪಣೆ ಕೊಟ್ಟಳು.

ಎಲ್ಲರೂ ಪರದೆಯ ಮೇಲೆ ಏರಿಳಿಯುವ ಗೆರೆ ತೋರಿಸುತ್ತಾರೆ, ತಾನು ಕಂಬಳಿಯನ್ನೇ ತೋರಿಸಬೇಕು ಅನ್ನುವುದು ಅಂಜಲಿಯ ಹಟ. ಬಿಳಿ ಉಣ್ಣೆಯ ಕಂಬಳಿ, ಅದರಲ್ಲಿ ವರ್ಷಕ್ಕೊಂದು ಕರಿ ಪಟ್ಟೆ. ಹೆಚ್ಚು ಆಲ್ಕೋಹಾಲ್ ಬಂದ ವರ್ಷಕ್ಕೆ ಅಗಲ ಪಟ್ಟೆ, ಕಡಿಮೆ ಬಂದ ವರ್ಷಕ್ಕೆ ಸಣ್ಣದು. ಯಾವುದು ಎಷ್ಟು ಬೆರಳು ಅಗಲ ಎಂದು ಚೀಟಿ ಬರೆದು ಅಜ್ಜನ ಕೈಗಿಟ್ಟಳು.

ತಿಮ್ಮರಾಯಪ್ಪ ನೇಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. "ಇದೇ ಕೊನೇದು. ಇದಾದ್ಮೇಲೆ ಮಗ್ಗ ಒಲೆಗೆ" ಎಂದು ಗೊಣಗುತ್ತ ಕೋಳಿಯನ್ನು ಎಬ್ಬಿಸಿ ತಾನು ಇಳಿದ. ಇಳಿದವನಿಗೆ ಎಷ್ಟು ಖುಷಿಯಾಯಿತೆಂದರೆ ಊಟಕ್ಕೂ ಮೂರು ಸಲ ಕೂಗಬೇಕಾಯಿತು.

ಮೊದಲ ಪಟ್ಟೆ ಒಂದು ಬೆರಳು. ಆಮೇಲೆ ಒಂದೂವರೆ, ಎರಡು, ಹೀಗೆ ಬೆಳೆಯುತ್ತ ಹತ್ತನೆಯದು ಐದು ಬೆರಳಾಯಿತು. ಹನ್ನೊಂದಕ್ಕೆ ಬಂದಾಗ ಕೈ ನಿಂತಿತು. ಚೀಟಿಯಲ್ಲಿ ಬರೀ ಅರ್ಧ ಬೆರಳು ಎಂದಿತ್ತು, ಹನ್ನೆರಡನೆಯದು ನೋಡಿದರೆ ಮತ್ತೆ ಆರು! ಪಾಪ, ಮಗು ಎಲ್ಲೋ ಎಡವಿದೆ ಅಂದುಕೊಂಡ. ಗಿರಾಕಿಯ ಎಣಿಕೆ ತಪ್ಪಿದರೆ ಬಾಯಿ ಬಿಡದೆ ಸರಿಮಾಡಿ ಕೊಡಬೇಕು ಎಂದು ಅವನಿಗೆ ಅಪ್ಪ ಕಲಿಸಿದ್ದ. ಊರಿನ ನ್ಯಾಯ ಕಂಬಳಿ ಹಾಸಿಯೇ ಆಗುತ್ತಿದ್ದ ಕಾಲದವನು ಆ ಅಪ್ಪ. ಕಂಬಳಿಯ ಮೇಲೆ ಕೂತವನು ಸುಳ್ಳಾಡಬಾರದು. ಕಂಬಳಿಯಲ್ಲೇ ಸುಳ್ಳಿದ್ದರೆ ಗತಿಯೇನು? ತಿಮ್ಮರಾಯಪ್ಪ ಹನ್ನೊಂದನೆಯದನ್ನೂ ಐದು ಬೆರಳೇ ನೇಯ್ದ. ಉಳಿದವನ್ನೂ ಮುಗಿಸಿ, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ, ಮೀಸೆ ತಿರುವಿಕೊಂಡ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಅಂಜಲಿ ಬೆರಳಿಟ್ಟು ಅಳೆದಳು. ಹನ್ನೊಂದಕ್ಕೆ ಬಂದವಳು ಬಿಕ್ಕಿ ಬಿಕ್ಕಿ ಅತ್ತಳು.

"ಏನ್ ಮಾಡ್ದೆ ಅಜ್ಜಾ! ನಿನ್ನ ಮನಸ್ಸಿಗೆ ಬಂದಂಗೆ ನೇಯಾಕೆ ಇದೇನು ನಿನ್ನ ಹೊದಿಕೇನಾ? ಸರ್ಕಾರದ ಅಂಕಿ ಇದು!"

"ಆ ಒಂದು ವರ್ಷ ಹಡಗೆಲ್ಲ ಮುಳುಗಿದ್ವೇನವ್ವ?"

ಅಜ್ಜನಿಗೆ ತೋರಿಸಿಯೇ ಬಿಡುತ್ತೇನೆಂದು ಅವಳು ಫೋನು ತೆಗೆದಳು. ನೋಡಿದಳು, ಮತ್ತೆ ನೋಡಿದಳು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

"ಬರ್ಕಳೋವಾಗ ನಾನೇ ಆರು ಬಿಟ್ಟು ಬರೀ ಅರ್ಧ ಬರ್ದಿದೀನಿ ಕಣಜ್ಜ. ಅದು ಆರೂವರೆ ಬೆರಳು. ಆದ್ರೆ ನಿಂದೂ ಒಂದೂವರೆ ಕಮ್ಮಿನೇ ಐತೆ."

ತಿಮ್ಮರಾಯಪ್ಪನ ಮೀಸೆ ಇಳಿಯಿತು. ಗಂಜಿ ಕುಡಿದು ಒಣಗಿದ ಕಂಬಳಿಯನ್ನು ಬಿಚ್ಚುವ ಹಾಗಿಲ್ಲ. ಮರುದಿನ ಅಂಜಲಿಯ ಜೊತೆ ಶ್ರೀರಾಂಪುರದಲ್ಲಿ ಬಸ್ಸು ಹತ್ತಿದವನು ಚಿತ್ರದುರ್ಗದವರೆಗೂ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಪಟ್ಟೆಯನ್ನೇ ಬೆರಳಿಟ್ಟು ಅಳೆಯುತ್ತ ಕೂತ. ನೇಯುವಾಗಲೇ ಅವಳನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ತನ್ನ ಜಂಬದಿಂದ ಮಗುವಿನ ಮಾನ ಹೋಗುತ್ತದಲ್ಲ ಎಂದು ಕೊರಗುತ್ತಿದ್ದ.

ಸಭೆಯಲ್ಲಿ ಅಂಜಲಿ ಕಂಬಳಿಯನ್ನು ವೇದಿಕೆಯ ಮೇಲೆ ಹಾಸಿ, ಒಂದೊಂದು ಪಟ್ಟೆಯನ್ನೂ ಮುಟ್ಟಿ ವರ್ಷ ಹೇಳುತ್ತ ಬಂದಳು. ಮೊದಮೊದಲು ಹೊರಗಿನಿಂದ ಎಷ್ಟು ಕಡಿಮೆ ಬರುತ್ತಿತ್ತು, ಕಾರ್ಖಾನೆಗಳು ಹೆಚ್ಚಿದಂತೆ ಹೇಗೆ ಏರಿತು, ಎಲ್ಲ ಹೇಳಿದಳು. ಹನ್ನೊಂದರ ಬಳಿ ನಿಂತಳು. ತಿಮ್ಮರಾಯಪ್ಪ ಕಣ್ಣು ಮುಚ್ಚಿಕೊಂಡ.

"ಈ ಪಟ್ಟೆ ಒಂದೂವರೆ ಬೆರಳು ಕಡಿಮೆ ಇದೆ. ಇದು ನಮ್ಮಜ್ಜನ ತಪ್ಪು. ನಾನು ಬರೆದುಕೊಟ್ಟಿದ್ದರಲ್ಲಿ ಆರು ಬೆರಳು ಕಡಿಮೆ ಇತ್ತು. ಅಂಕಿ ತಪ್ಪಿದ್ದು ನನಗೆ ಕಾಣಲಿಲ್ಲ, ನಮ್ಮಜ್ಜನಿಗೆ ಕಂಡಿತು. ಅಲ್ಲಿ ಕೂತಿದ್ದಾರೆ ನೋಡಿ."

ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ತೀರ್ಪುಗಾರರಾಗಿ ಬಂದಿದ್ದ ಅನುಸೂಯ ಮೇಡಂ ಅವನನ್ನು ಎಬ್ಬಿಸಿ, "ಹೆಂಗೆ ಗೊತ್ತಾಯ್ತು ಅಜ್ಜಾರೆ?" ಎಂದು ಕೇಳಿದರು.

"ದೊಡ್ಡ ಕುರಿ ಸಾಲಾಗಿ ಹೋಗ್ವಾಗ ನಡುವೆ ಒಂದು ಮರಿ ಬಂದ್ರೆ ಕಾಣಲ್ವೇ ತಾಯಿ?"

ಬಹುಮಾನ ಎರಡನೆಯದು ಬಂತು. ತೀರ್ಪುಗಾರರಿಗೆ ಎಣಿಸಲು ಬರುವುದಿಲ್ಲ ಎಂಬುದು ತಿಮ್ಮರಾಯಪ್ಪನ ತೀರ್ಮಾನ. ಆದರೂ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ಅವನ ಕಾಲು ನೆಲಕ್ಕೆ ತಾಕಲಿಲ್ಲ.

"ಹೊಸ ವರ್ಷದ ಅಂಕಿ ಯಾವಾಗ ಬರತೈತವ್ವ?"

"ಇನ್ನು ಕೆಲವು ತಿಂಗಳಿಗೆ. ಯಾಕಜ್ಜ?"

"ನಿಮ್ಮಜ್ಜಿಗೆ ಫೋನ್ ಮಾಡು. ಕೋಳಿಗೆ ಬೇರೆ ಗೂಡು ನೋಡು ಅನ್ನು."