ನೋಡೋಣನ ಕಾರು

“ಇನ್ನೊಂದ್ಸಲ! ಎಲ್ರೂ ಒಟ್ಟಿಗೆ!” ಎಂದು ಸತ್ತವನ ಭಾವಮೈದ ಕೂಗಿದ. ಮೂರು ಜನ ಹೆಗಲು ಕೊಟ್ಟು ನೂಕಿದರೂ ಕಾರು ಒಂದು ಗೇಣು ಜರುಗಿ ನಿಂತಿತು. ಗಾಳಿ ಇಳಿದ ಟೈರುಗಳು ನೆಲ ಕಚ್ಚಿದ್ದವು. ಅದು ದಾರಿ ಬಿಡದೆ ಹೆಣದ ವ್ಯಾನು ಅಂಗಳಕ್ಕೆ ಬರುವಂತಿರಲಿಲ್ಲ. ಗೇಟಿನಾಚೆ ಚಾಲಕ ಹಾರ್ನ್ ಹೊಡೆಯುತ್ತಿದ್ದ.

“ಸತ್ತ ಮೇಲೂ ನಮ್ಮ ಕೈಲಿ ನೂಕಿಸ್ತಾರಲ್ಲಪ್ಪ ಭಾವ!”

ಪಕ್ಕದ ಮನೆಯ ಟೈಲರ್‌ಗೆ ನಗು ಬಂತು. ಸಾವಿನ ಮನೆಯೆಂದು ನೆನಪಾಗಿ ಅದನ್ನು ಕೆಮ್ಮಿಗೆ ತಿರುಗಿಸಿದ.

ಒಳಗೆ, ನಡುಮನೆಯಲ್ಲಿ, ತೆರೆದ ಶವಪೆಟ್ಟಿಗೆಯೊಳಗೆ ಔಷಧಿ ಅಂಗಡಿಯವನು ಮಲಗಿದ್ದ. ಹಿಂದಿನ ದಿನ ಅಂಗಡಿಯಲ್ಲಿ ಮೇಲಿನ ಅಟ್ಟಣಿಗೆಯಿಂದ ಸಿರಪ್ಪಿನ ಬಾಟಲಿಗಳನ್ನು ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ನೋಡೋಣ’ ಎಂದು. ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದೇ. ಹೆಸರಿಟ್ಟವನು ಈ ಭಾವಮೈದನೇ.

ಗೇಟಿನಿಂದ ಒಬ್ಬ ಗಿಡ್ಡ ಮನುಷ್ಯ ಒಳಬಂದ. ಹೆಗಲಿನ ಚೀಲ ಗೋಡೆಗೊರಗಿಸಿ, ಯಾರೂ ಕರೆಯದೆಯೇ ಬಂದು ಕಾರಿಗೆ ಕೈಕೊಟ್ಟ. ಈ ಸಲ ಅದು ನರಳುತ್ತ ಉರುಳಿತು.

“ತಾವು ಯಾರು ಗೊತ್ತಾಗ್ಲಿಲ್ಲ?” ಟೈಲರ್ ಕೇಳಿದ.

“ಅವ್ರಿಗೆ ಬೇಕಾದವ್ನು,” ಎಂದಷ್ಟೇ ಹೇಳಿ ಆತ ಹಣೆ ಒರೆಸಿಕೊಂಡ.

*

ಮಗಳು ಹುಟ್ಟುವ ಮೊದಲೇ ಔಷಧಿ ಅಂಗಡಿಯವನು ಕೊಂಡಿದ್ದ ಕಾರು ಅದು. ಎರಡೇ ಸೀಟು, ತಗ್ಗಿದ ಮೂತಿ, ಎಲೆಹಸಿರು ಬಣ್ಣದ ಹಳೇ ಸ್ಪೋರ್ಟ್ಸ್ ಕಾರು. ವಯಸ್ಸಾದಂತೆ ಅದರ ಎಂಜಿನ್ನಿಗೆ ಏರು ಬಂದರೆ ಉಬ್ಬಸ, ಸಿಗ್ನಲ್ಲಿನಲ್ಲಿ ನಿಂತರೆ ನಡುಕ. ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಎಂಜಿನ್ನಿಗೆ ಹೇಳಿಕೊಡುವ ಕಂಪ್ಯೂಟರನ್ನು ತಿದ್ದಿದರೆ ಸರಿಹೋಗುತ್ತದೆಂದು ಅವನಿಗೆ ಗೊತ್ತಾಯಿತು. ಆದರೆ ಯಾವ ಸಾಫ್ಟ್‌ವೇರಿನಿಂದ ತಿದ್ದುವುದು? ಊಟಕ್ಕೆ ಕೂತಾಗಲೂ ಅದೇ ಚಿಂತೆ.

“ಒಂದಿದೆ, ಅದು ಬರೀ ದೋಷ ಏನಂತ ಓದಿ ಹೇಳತ್ತೆ, ಏನೂ ಮುಟ್ಟಲ್ಲ. ಇನ್ನೊಂದು ತಿದ್ದತ್ತೆ, ಆದ್ರೆ ನಮ್ಮ ಕಾರಿಗೆ ಹೊಂದಲ್ಲ. ಮೂರನೇದು ಯಾರೋ ಒಬ್ರು ಮನೇಲಿ ಕೂತು ಈ ಕಾರಿಗೆ ಅಂತಾನೇ ಬರೆದಿರೋದು. ಓದೋದೂ ಓದತ್ತೆ, ತಿದ್ದೋದೂ ತಿದ್ದತ್ತೆ. ತಿದ್ದೋವಾಗ ಮಾತ್ರ ಕರೆಂಟು ಕಡಿಮೆ ಆಗ್ಬಾರ್ದು. ಆಯ್ತೋ, ಕಾರಿನ ಕಂಪ್ಯೂಟರ್ ಸತ್ತಂಗೇ.”

“ನೀವು ಆರಿಸೋದ್ರೊಳಗೆ ಭೂಮೀಲಿ ಪೆಟ್ರೋಲೇ ಮುಗಿದಿರತ್ತೆ ಬಿಡಿ ಭಾವ,” ಎಂದ ಭಾವಮೈದ. ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಸಾಫ್ಟ್‌ವೇರ್ ಬರೆದವನಿಗೆ ತಿಂಗಳುಗಟ್ಟಲೆ ಪ್ರಶ್ನೆ ಕೇಳಿ, ಕಡೆಗೆ ಅವನು ಮೂರನೆಯದನ್ನೇ ಆರಿಸಿದ. ಒಂದು ಭಾನುವಾರ ಬೆಳಿಗ್ಗೆ ಶೆಡ್ಡು ಗುಡಿಸಿ, ಮುದಿ ಬ್ಯಾಟರಿ ಕೈಕೊಡದಿರಲೆಂದು ಚಾರ್ಜರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ ಕೂತ. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ತುಂಬತೊಡಗಿತು.

ಕಾಲೇಜಿಗೆ ಹೋಗುತ್ತಿದ್ದ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದಿನಿಂದ ಭಾವಮೈದ ಬಂದು ಕಣ್ಣು ಮಿಟುಕಿಸಿದ. “ತಮಾಷೆ ನೋಡ್ತಿರು,” ಎಂದು ಪಿಸುಗುಟ್ಟಿ, ಬಗ್ಗಿ, ಗೋಡೆಯಿಂದ ಚಾರ್ಜರಿನ ಪ್ಲಗ್ ಎಳೆದ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಪಟ್ಟಿ ನಿಂತಿತು. ಪರದೆ ಕೆಂಪಾಯಿತು. ಅಪ್ಪನ ಬೆನ್ನು ಸೆಟೆದುಕೊಂಡದ್ದನ್ನು ನೋಡಿ ಭಾವಮೈದ ಪ್ಲಗ್ಗನ್ನು ಸದ್ದಿಲ್ಲದೆ ವಾಪಸು ಸಿಕ್ಕಿಸಿದ. ಅಷ್ಟರಲ್ಲಿ ಕಾರಿನ ಕಂಪ್ಯೂಟರ್ ಸತ್ತಿತ್ತು. ಅಂಥದ್ದನ್ನು ತಯಾರಿಸುವುದು ಎಂದೋ ನಿಂತಿತ್ತು.

“ತಪ್ಪು ಆರಿಸ್ಬಿಟ್ಟೆ ಕಣೇ,” ಎಂದು ಅವನು ಹೆಂಡತಿಯ ಹತ್ತಿರ ಹೇಳಿದ.

ಅವಳು ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕಂಡಿದ್ದಳು. ಆಮೇಲೆ ತಮ್ಮನನ್ನು ಒಳಗೆ ಕರೆದಳು. “ಬಾಯಿ ಬಿಡ್ಬೇಡ. ಇನ್ನಾದ್ರೂ ಆ ಹುಚ್ಚು ಬಿಡ್ಲಿ.”

“ಅಮ್ಮ, ಅಪ್ಪಂಗೆ ಹೇಳ್ಬೇಕಲ್ವಾ...”

“ನೀನೂ ನಕ್ಕೆ ತಾನೇ?”

ಅಪ್ಪ ಆ ಹುಚ್ಚು ಬಿಡಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದವನು ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಆ ಭಾನುವಾರ ಮಾಡಿದ್ದನ್ನು ಮೊದಲಿನಿಂದ ಮಾಡಿ ನೋಡುತ್ತಿದ್ದ, ಎಲ್ಲಿ ಎಡವಿದೆ ಎಂದು. ಅಂಗಡಿಯಲ್ಲಿ ಕೊಟ್ಟ ಮಾತ್ರೆಯನ್ನು ವಾಪಸು ಇಸಿದುಕೊಂಡು ಹೆಸರು ಓದುವುದು ಅಭ್ಯಾಸವಾಯಿತು. ಮಗಳು ತಾನು ಮೆಚ್ಚಿದ ಹುಡುಗನನ್ನು ಕರೆತಂದು ಹೇಗಿದ್ದಾನೆಂದು ಕೇಳಿದಾಗ ಅವನು ಅವಳ ಮುಖವನ್ನೇ ನೋಡಲಿಲ್ಲ. “ನಾನು ಆರಿಸಿದ್ದು ಯಾವ್ದು ನೆಟ್ಟಗಾಗಿದೆ ಮಗಾ? ನನ್ನ ಕೇಳ್ಬೇಡ.”

*

ಗಿಡ್ಡ ಮನುಷ್ಯ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಸತ್ತವನ ಹೆಂಡತಿಯ ಕಡೆ ತಿರುಗಿದ.

“ಆ ಸಾಫ್ಟ್‌ವೇರ್ ಬರೆದವ್ನು ನಾನೇ, ಅಮ್ಮ.”

ಭಾವಮೈದ ಮೊಬೈಲಿನಿಂದ ತಲೆಯೆತ್ತಿದ.

“ಬೇರೆ ಯಾರ ಕಾರಲ್ಲೂ ಹಂಗಾಗಿರ್ಲಿಲ್ಲ. ಎಷ್ಟು ಹುಡುಕಿದ್ರೂ ದೋಷ ಎಲ್ಲಿದೆ ಅಂತ ಸಿಗ್ಲೇ ಇಲ್ಲ. ಸಿಗದ ದೋಷ ಇಟ್ಕೊಂಡು ಇನ್ನೊಬ್ರ ಕಾರು ಹಾಳು ಮಾಡೋದು ಬೇಡ ಅಂತ ಅದನ್ನ ತೆಗೆದುಹಾಕ್ಬಿಟ್ಟೆ. ಆಮೇಲೆ ಏನು ಬರೆಯೋಕೆ ಕೂತ್ರೂ ಕೈ ಓಡ್ಲಿಲ್ಲ. ಕಡೆಗೆ ಆ ಕೆಲ್ಸಾನೇ ಬಿಟ್ಟೆ.” ಆತ ಪೆಟ್ಟಿಗೆಯ ಕಡೆ ನೋಡಿದ. “ಇವ್ರು ಒಂದ್ಸಲಾನೂ ನನ್ನ ಬೈಲಿಲ್ಲ. ಫೋನ್ ಮಾಡಿದಾಗೆಲ್ಲ, ತಪ್ಪು ನಂದೇ ಇರ್ಬೇಕು ಅಂತ ಇವ್ರು, ಅಲ್ಲ ನಂದು ಅಂತ ನಾನು.”

ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಅಲ್ಯೂಮಿನಿಯಂ ಡಬ್ಬಿಯೊಂದನ್ನು ತೆಗೆದ. ಗುಜರಿಗೆ ಬಿದ್ದ ಅದೇ ಥರದ ಕಾರೊಂದರ ಕಂಪ್ಯೂಟರ್. “ಕೊನೆಗೂ ಒಂದು ಸಿಕ್ತು. ಇವ್ರ ಕೈಗೇ ಕೊಡೋಣ ಅಂತ ಹೊರಟು ಬಂದೆ. ಅಂಗಡಿ ಹತ್ರ ಬಂದ್ರೆ, ಹೀಗಾಯ್ತು ಅಂದ್ರು.”

ಮಗಳು ಒಂದು ಹೆಜ್ಜೆ ಮುಂದೆ ಬಂದಳು. “ನೀವು ಅಂದ್ಕೊಂಡ ಹಾಗೆ ಅಲ್ಲ, ಅವತ್ತು...”

“ಹೋಗು, ಅವ್ರಿಗೆ ಕುಡಿಯೋಕೆ ನೀರು ತಗೊಂಡ್ಬಾ,” ಎಂದಳು ಅಮ್ಮ.

ಮಗಳು ನಿಂತಳು. ಅಮ್ಮ ಅವಳನ್ನೇ ದಿಟ್ಟಿಸುತ್ತಿದ್ದಳು. ಮಗಳು ಒಳಗೆ ಹೋಗಿ ನೀರು ತಂದುಕೊಟ್ಟಳು.

ಭಾವಮೈದ ಎದ್ದು ಬಂದು ಆತನ ಬೆನ್ನು ಸವರಿದ. “ಆಗಿದ್ದು ಆಯ್ತು ಬಿಡಿ. ನೀವೇನು ಬೇಕಂತ ಮಾಡಿದ್ರಾ? ನಮ್ಮ ಭಾವ ಯಾವತ್ತೂ ಮನಸ್ಸಲ್ಲಿ ಇಟ್ಕೊಳ್ಳೋರಲ್ಲ.” ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. “ಇದು ಕೆಲ್ಸ ಮಾಡತ್ತೆ ತಾನೇ? ಒಳ್ಳೇದೇ ಆಯ್ತು. ಓಡೋ ಕಾರಾದ್ರೆ ಮಾರೋಕೆ ಸಲೀಸು.”

ಗಿಡ್ಡ ಮನುಷ್ಯನ ಕಣ್ಣು ತುಂಬಿ ಬಂದವು. “ನೀವೆಲ್ಲ ಇಷ್ಟು ದೊಡ್ಡ ಮನಸ್ಸು ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ. ನಾನೂ ಒಂದು ಕಡೆ ಹೆಗಲು ಕೊಡ್ಲಾ?”

“ಅಯ್ಯೋ, ಅದಕ್ಕೇನಂತೆ? ಕೊಡಿ, ಕೊಡಿ.”

ಪೆಟ್ಟಿಗೆಗೆ ಮುಚ್ಚಳ ಹಾಕಿದರು. ಮುಂದಿನ ಒಂದು ಮೂಲೆಗೆ ಆತ, ಇನ್ನೊಂದಕ್ಕೆ ಟೈಲರ್. ಹಿಂದೆ ಭಾವಮೈದ ಮತ್ತು ಮಗಳು ಮೆಚ್ಚಿ ಮದುವೆಯಾದ ಅಳಿಯ, ಇಬ್ಬರೂ ಆಳೆತ್ತರದವರು. ಮೆಟ್ಟಿಲಿಳಿಯುವಾಗ ಪೆಟ್ಟಿಗೆ ಮುಂದಕ್ಕೆ ವಾಲಿತು. ಒಳಗಿದ್ದವನು ಜಾರಿ, ಇದ್ದಬದ್ದ ಭಾರವೆಲ್ಲ ಆ ಗಿಡ್ಡ ಹೆಗಲಿನ ಮೇಲೆ ಬಂತು. ಆತನ ಮೊಣಕಾಲುಗಳು ಬಾಗಿದವು, ಕತ್ತಿನ ನರ ಉಬ್ಬಿತು.

“ಭಾರ ಆಯ್ತಾ? ಬೇರೆಯವ್ರನ್ನ ಕರೀಲಾ?” ಟೈಲರ್ ಕೇಳಿದ.

“ಬೇಡ, ಬೇಡ,” ಎಂದು ಆತ ಕೆನ್ನೆಯನ್ನು ಪೆಟ್ಟಿಗೆಯ ಮರಕ್ಕೆ ಒತ್ತಿ ಇನ್ನೊಂದು ಮೆಟ್ಟಿಲು ಇಳಿದ. ಹಿಂದೆ ಭಾವಮೈದ ಒಂದು ಕೈ ಬಿಟ್ಟು, ಅಂಗಿಯ ತೋಳು ಮೇಲೆ ಸರಿಸಿಕೊಂಡ.